ಮರಳುಗಲ್ಲಿನ ಕಣ ಯಾವ ಬಂಡೆಯದು? ಭಾರ ಖನಿಜಗಳಿಂದ ಮೂಲ ಪತ್ತೆಹಚ್ಚುವ ಕ್ರಮ

ಬಾದಾಮಿಯ ಗುಹೆಗಳಿರುವ ಕೆಂಪು ಮರಳುಗಲ್ಲು ಒಂದಾನೊಂದು ಕಾಲಕ್ಕೆ ಯಾವುದೋ ಹಳೆಯ ಬಂಡೆ ಸವೆದು ಹರಿದುಬಂದ ಮರಳು. ಆ ಹಳೆಯ ಬಂಡೆ ಯಾವುದು? ಸುತ್ತಲೂ ಸಂಶಯಕ್ಕೆ ಪಾತ್ರವಾದವು ಬೇಕಾದಷ್ಟಿವೆ. ಪಟ್ಟೆಪಟ್ಟೆಯಾದ ರೂಪಾಂತರ ಶಿಲೆ ನೈಸ್ ಇದೆ, ಗ್ರಾನೈಟ್ ಇದೆ, ಹುನಗುಂದ–ಕುಷ್ಟಗಿಯ ಶಿಸ್ಟ್ (ಹಾಳೆಹಾಳೆಯಾಗಿ ಸೀಳುವ ರೂಪಾಂತರ ಶಿಲೆ) ಪಟ್ಟಿಯಲ್ಲಿ ರೂಪಾಂತರಗೊಂಡ ಬಸಾಲ್ಟ್ ಮತ್ತು ಕಬ್ಬಿಣದ ಪಟ್ಟೆಶಿಲೆ ಇವೆ. ಇವೆಲ್ಲದರ ಜೊತೆಗೆ, ಬಾದಾಮಿ ಪದರಗಳ ಅಡಿಯಲ್ಲೇ ಮಡಿಚಿ ಮಲಗಿರುವ ಬಾಗಲಕೋಟೆ ಗುಂಪಿನ ಸವದತ್ತಿ ಕ್ವಾರ್ಟ್ಜೈಟ್ ಕೂಡ ಇದೆ. ಅದೂ ಹಿಂದೊಮ್ಮೆ ಮರಳೇ ಆಗಿತ್ತು.

ಈ ಪ್ರಶ್ನೆಗೆ ಉತ್ತರ ಹುಡುಕುವುದು ಭಾರ ಖನಿಜಗಳಿಂದ, ಅಂದರೆ ಮರಳಿನಲ್ಲಿ ಅಲ್ಪ ಪ್ರಮಾಣದಲ್ಲಿರುವ, ಕ್ವಾರ್ಟ್ಜ್‌ಗಿಂತ ಭಾರವಾದ ಖನಿಜಗಳಿಂದ. ಈ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಸೂಕ್ಷ್ಮದರ್ಶಕದಲ್ಲಿ ಜಿರ್ಕಾನ್, ಟೂರ್ಮಲಿನ್ ಕಂಡ ಕೂಡಲೇ "ಮೂಲ ಗ್ರಾನೈಟ್" ಎಂದು ಬರೆದುಬಿಡುತ್ತಾರೆ. ಮರಳುಗಲ್ಲಿನಲ್ಲಿ ಇವತ್ತು ಉಳಿದಿರುವುದು ಮೂಲ ಬಂಡೆಯಲ್ಲಿದ್ದುದೆಲ್ಲ ಅಲ್ಲ. ಬೆಟ್ಟದ ಮೇಲೆ ಮಳೆಗೆ ಕರಗಿದ್ದು, ನದಿಯ ಹರಿವಿನಲ್ಲಿ ಬೇರ್ಪಟ್ಟದ್ದು, ಹೂತುಹೋದ ಮೇಲೆ ಬಿಸಿನೀರಿಗೆ ಕರಗಿದ್ದು ಇವೆಲ್ಲ ಕಳೆದು ಉಳಿದದ್ದು. ಹಾಗಾಗಿ ಯಾವ ಖನಿಜ ಇಲ್ಲ, ಏಕೆ ಇಲ್ಲ ಎಂಬ ಲೆಕ್ಕ ಮೊದಲು ಆಗಬೇಕು. ಮುಂದಿನ ಹಂತಗಳನ್ನು ಈ ಲೆಕ್ಕ ಸಾಧ್ಯವಾಗುವಂತೆಯೇ ಜೋಡಿಸಿದೆ. ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗೆ ಸಿಗುವ ಪ್ರಯೋಗಾಲಯ ಸಾಕು. ದುಬಾರಿ ಯಂತ್ರಗಳ ಮಾತು ಕೊನೆಯ ಭಾಗದಲ್ಲಿ ಬರುತ್ತದೆ.

ಮೊದಲು ನಕ್ಷೆ, ಆಮೇಲೆ ಸುತ್ತಿಗೆ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಜಾಲತಾಣದಲ್ಲಿ ಪ್ರದೇಶದ ಭೂವೈಜ್ಞಾನಿಕ ನಕ್ಷೆ ಸಿಗುತ್ತದೆ. ಅದನ್ನು ಮುಂದಿಟ್ಟುಕೊಂಡು, ಮೂಲವಾಗಿರಬಹುದಾದ ಪ್ರತಿ ಬಂಡೆಗೂ ಒಂದು ಸಾಲು ಬರೆಯಿರಿ: ಅದರಲ್ಲಿ ಯಾವ ಭಾರ ಖನಿಜಗಳಿರುತ್ತವೆ, ಅವುಗಳಲ್ಲಿ ಯಾವುವು ದೂರ ಬಾಳುತ್ತವೆ, ಅದರ ವಯಸ್ಸೆಷ್ಟು.

ಗ್ರಾನೈಟ್ ಮತ್ತು ನೈಸ್‌ನಿಂದ ಜಿರ್ಕಾನ್, ಅಪಟೈಟ್, ಮೋನಜೈಟ್, ಟೈಟನೈಟ್, ಹಾರ್ನ್‌ಬ್ಲೆಂಡ್ ಬರುತ್ತವೆ. ಜೇಡಿಶಿಲೆ ಬಿಸಿಯಲ್ಲಿ ರೂಪಾಂತರಗೊಂಡಿದ್ದರೆ ಗಾರ್ನೆಟ್, ಸ್ಟಾರೋಲೈಟ್, ಕಯನೈಟ್, ಸಿಲಿಮನೈಟ್, ರೂಟೈಲ್. ಕಡಿಮೆ ಬಿಸಿಯಲ್ಲಿ ರೂಪಾಂತರಗೊಂಡ ಬಸಾಲ್ಟಿನಿಂದ ಎಪಿಡೋಟ್, ಆಕ್ಟಿನೋಲೈಟ್, ಕ್ಲೋರೈಟ್. ಮೆಗ್ನೀಶಿಯಂ, ಕಬ್ಬಿಣ ತುಂಬಿದ ಅಲ್ಟ್ರಾಮಾಫಿಕ್ ಶಿಲೆಯಿಂದ ಕ್ರೋಮ್ ಸ್ಪಿನೆಲ್. ದೊಡ್ಡ ಹರಳುಗಳ, ಗ್ರಾನೈಟ್ ಜಾತಿಯ ಪೆಗ್ಮಟೈಟ್ ಇದ್ದಲ್ಲಿ ಟೂರ್ಮಲಿನ್ ಹೆಚ್ಚು. ಹಳೆಯ ಮರಳುಗಲ್ಲು ಮತ್ತೆ ಸವೆದು ಬಂದಿದ್ದರೆ ಜಿರ್ಕಾನ್, ಟೂರ್ಮಲಿನ್, ರೂಟೈಲ್ ಬಿಟ್ಟು ಬೇರೇನೂ ಹೆಚ್ಚಾಗಿ ಇರುವುದಿಲ್ಲ. ಅವೂ ಚೆನ್ನಾಗಿ ಉರುಟಾಗಿರುತ್ತವೆ.

ಈ ಸಾಲುಗಳನ್ನು ಬರೆಯುವಾಗಲೇ ಒಂದು ಅಸಮತೋಲನ ಕಾಣುತ್ತದೆ. ಗ್ರಾನೈಟ್ ಕೈತುಂಬ ಜಿರ್ಕಾನ್ ಕೊಡುತ್ತದೆ. ಶಿಸ್ಟ್ ಪಟ್ಟಿಯ ಬಸಾಲ್ಟ್ ಹೆಚ್ಚುಕಡಿಮೆ ಜಿರ್ಕಾನ್ ಕೊಡುವುದೇ ಇಲ್ಲ. ಜಿರ್ಕಾನ್ ಒಂದನ್ನೇ ನೋಡಿದವರಿಗೆ ಶಿಸ್ಟ್ ಪಟ್ಟಿ ಮೂಲವೇ ಅಲ್ಲ ಅನ್ನಿಸುವುದು ಇದರಿಂದಲೇ.

ಹೊಲದಲ್ಲಿ: ಎಲ್ಲಿಂದ, ಎಷ್ಟು

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲಿ ಸ್ಮಾರಕಗಳ ಆಸುಪಾಸು ಸುತ್ತಿಗೆಯನ್ನು ಚೀಲದಿಂದ ಹೊರತೆಗೆಯಲೇಬೇಡಿ. ಅವು ಸಂರಕ್ಷಿತ ಜಾಗಗಳು. ಅದೇ ಮರಳುಗಲ್ಲು ಮೈಲಿಗಟ್ಟಲೆ ಹರಡಿದೆ. ರಸ್ತೆ ಕಡಿದ ಜಾಗ, ಕಲ್ಲುಗಣಿ, ಹಳ್ಳದ ದಂಡೆಗಳಲ್ಲಿ ಹೊಸ ಮುಖ ಸಿಗುತ್ತದೆ. ಜಮೀನಿನವರನ್ನು ಕೇಳಿಯೇ ಒಡೆಯಿರಿ.

ಪ್ರತಿ ಸ್ಥಳದಲ್ಲೂ ಮೂರು ಕೆಲಸ.

ಮೊದಲನೆಯದು ನೀರು ಹರಿದ ದಿಕ್ಕು. ಹರಿವು ಮರಳನ್ನು ಓರೆಯಾಗಿ ಜೋಡಿಸಿದ ಓರೆಪದರಗಳ ವಾಲಿನ ದಿಕ್ಕನ್ನು ಒಂದು ಸ್ಥಳದಲ್ಲಿ ಕನಿಷ್ಠ 25 ಕಡೆ ಅಳೆಯಿರಿ. ಮುಖ್ಯ ಪದರವೇ 10 ಡಿಗ್ರಿಗಿಂತ ಹೆಚ್ಚು ವಾಲಿದ್ದರೆ ಅದನ್ನು ಮಟ್ಟಸಗೊಳಿಸಿ ಲೆಕ್ಕ ಹಾಕಬೇಕು. ಬಾದಾಮಿ ಪದರಗಳು ಬಹುಪಾಲು ಮಟ್ಟಸವಾಗಿವೆ, ಕೆಲಸ ಸುಲಭ. ಸವದತ್ತಿ ಕ್ವಾರ್ಟ್ಜೈಟಿನಲ್ಲಿ ತಿದ್ದುಪಡಿ ಇಲ್ಲದೆ ಆಗದು. ದಿಕ್ಕಿನ ಮಾಹಿತಿ ಇಲ್ಲದೆ ಖನಿಜ ಎಣಿಸಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಬಗೆಯ ಗ್ರಾನೈಟ್ ಪೂರ್ವಕ್ಕೂ ಇರಬಹುದು, ದಕ್ಷಿಣಕ್ಕೂ ಇರಬಹುದು.

ಎರಡನೆಯದು ಉರುಟುಕಲ್ಲುಗಳ ಎಣಿಕೆ. ಕಾಂಗ್ಲಾಮರೇಟ್ (ಉರುಟುಕಲ್ಲುಗಳು ಬೆಸೆದು ಆದ ಶಿಲೆ) ಪದರ ಸಿಕ್ಕರೆ ಚೌಕ ಗುರುತಿಸಿ 100 ಕಲ್ಲುಗಳನ್ನು ಎಣಿಸಿ: ಬೆಣಚುಕಲ್ಲು, ಕ್ವಾರ್ಟ್ಜೈಟ್, ಚರ್ಟ್, ಜಾಸ್ಪರ್, ಕಬ್ಬಿಣದ ಪಟ್ಟೆಶಿಲೆ, ಗ್ರಾನೈಟ್. ಇದಕ್ಕೆ ಖರ್ಚಿಲ್ಲ, ಯಂತ್ರ ಬೇಡ. ಆದರೂ ಹಲವು ಪ್ರಬಂಧಗಳಲ್ಲಿ ಇದನ್ನು ಬಿಟ್ಟಿರುತ್ತಾರೆ. ಕಬ್ಬಿಣದ ಪಟ್ಟೆಶಿಲೆಯ ಒಂದು ಉರುಟುಕಲ್ಲು ಶಿಸ್ಟ್ ಪಟ್ಟಿಯ ಬಗ್ಗೆ ಹೇಳುವಷ್ಟನ್ನು ಸಾವಿರ ಜಿರ್ಕಾನ್ ಹೇಳಲಾರವು.

ಮೂರನೆಯದು ಮಾದರಿ. ಭಾರ ಖನಿಜಕ್ಕೆ 2–3 ಕಿಲೋ, ಜಿರ್ಕಾನ್ ವಯಸ್ಸಿಗೂ ಬೇಕೆಂದರೆ 5 ಕಿಲೋ ಅಥವಾ ಹೆಚ್ಚು. ಮೇಲ್ಮೈಯ ಶಿಥಿಲ ಸಿಪ್ಪೆಯನ್ನು ಪೂರ್ತಿ ಒಡೆದು ತೆಗೆದು ಒಳಗಿನ ಗಟ್ಟಿ ಕಲ್ಲನ್ನು ಆರಿಸಿ. ಲ್ಯಾಟರೈಟ್ ಕವಿದ ಜಾಗ ಬೇಡ. ಅಲ್ಲಿ ಅಪಟೈಟ್, ಗಾರ್ನೆಟ್‌ಗಳು ಈಚಿನ ಮಳೆಗೇ ಕರಗಿಹೋಗಿರುತ್ತವೆ. ಎಲ್ಲ ಸ್ಥಳಗಳಿಂದಲೂ ಒಂದೇ ಗಾತ್ರದ ಮರಳಿರುವ ಪದರ ಇರಲಿ, ಸಣ್ಣದರಿಂದ ನಡುಗಾತ್ರದ್ದು. ಕಪ್ಪುಗೆರೆಗಳಿರುವ ಪದರ ನೋಡಿ ಆಸೆಪಡಬೇಡಿ. ಅಲ್ಲಿ ಹರಿವು ಭಾರದ ಕಣಗಳನ್ನು ಒಟ್ಟುಹಾಕಿದೆ, ಪ್ರಮಾಣಗಳು ಕೆಟ್ಟಿರುತ್ತವೆ. ಬೇಕಿದ್ದರೆ ಜಿರ್ಕಾನ್‌ಗಾಗಿ ಮಾತ್ರ ಬೇರೆ ಚೀಲದಲ್ಲಿ ತೆಗೆದಿಡಿ, ಚೀಲದ ಮೇಲೆ ಹಾಗೆಂದು ಬರೆಯಿರಿ.

ಹೋಲಿಕೆಗೆ ಮೂಲ ಬಂಡೆಗಳ ಮರಳೂ ಬೇಕು. ನೈಸ್ ಮಾತ್ರ ಇರುವ ಪುಟ್ಟ ಹಳ್ಳ, ಶಿಸ್ಟ್ ಪಟ್ಟಿಯೊಳಗಿನ ಪುಟ್ಟ ಹಳ್ಳ, ಹೀಗೆ ಒಂದೇ ಬಂಡೆಯ ನೀರು ಹರಿಯುವ ತೊರೆಗಳಿಂದ ಮರಳು ತೆಗೆಯಿರಿ. ಮಲಪ್ರಭೆಯ ಮರಳು ಇದಕ್ಕೆ ಒಗ್ಗದು, ನದಿ ಬಾದಾಮಿ ಮರಳುಗಲ್ಲನ್ನೇ ಕೊರೆದು ಬರುತ್ತದೆ. ತೊರೆಯ ಮರಳನ್ನು ಅಲ್ಲೇ ಬಾಣಲೆಯಲ್ಲಿ ಅಕ್ಕಿ ಜಾಲಿಸಿದಂತೆ ಜಾಲಿಸುವ ಅಭ್ಯಾಸ ಹಲವರಿಗಿದೆ. ಗದಗ ಸೀಮೆಯ ಜಾಲಗಾರರು ಹಳ್ಳಗಳಲ್ಲಿ ಚಿನ್ನ ತೆಗೆದದ್ದೂ ಹೀಗೆಯೇ. ಆದರೆ ಪ್ರಮಾಣ ಎಣಿಸುವ ಮಾದರಿಯನ್ನು ಜಾಲಿಸಬಾರದು. ಟೂರ್ಮಲಿನ್, ಅಪಟೈಟ್‌ಗಳಂಥ ಹಗುರದ ಭಾರ ಖನಿಜಗಳು ನೀರಿನೊಂದಿಗೆ ಹೋಗಿಬಿಡುತ್ತವೆ. ಜಾಲಿಸದ ಒಂದು ಕಿಲೋ ಯಾವಾಗಲೂ ಇರಲಿ.

ಕಲ್ಲನ್ನು ಪುಡಿಮಾಡುವ ಮೊದಲು ಥಿನ್ ಸೆಕ್ಷನ್

ಒಂದು ತುಂಡನ್ನು ಥಿನ್ ಸೆಕ್ಷನ್‌ಗೆ, ಅಂದರೆ ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಬಿಲ್ಲೆ ಮಾಡಲು, ಕಳಿಸಿ. ಪುಡಿಮಾಡಿದ ಮೇಲೆ ಯಾವ ಕಣ ಮೂಲದ್ದು, ಯಾವುದು ಮರಳುಗಲ್ಲಿನೊಳಗೇ ಬೆಳೆದದ್ದು ಎಂದು ಹೇಳುವುದು ಕಷ್ಟ. ಕಣಗಳ ನಡುವಿನ ಬೆಸುಗೆ ಏನು ಎಂಬುದೂ ಇಲ್ಲೇ ಗೊತ್ತಾಗಬೇಕು. ಸಿಲಿಕಾವೋ, ಕಬ್ಬಿಣದ ಆಕ್ಸೈಡೋ, ಕ್ಯಾಲ್ಸೈಟೋ ಎಂಬುದರ ಮೇಲೆ ಮುಂದಿನ ಹಂತ ನಿಂತಿದೆ.

ಸೆಕ್ಷನ್ ಮೇಲೆ 300ರಿಂದ 400 ಬಿಂದು ಎಣಿಸಿ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಶಿಲಾಚೂರುಗಳ ಪ್ರಮಾಣ ತೆಗೆಯಿರಿ. ಬಿಂದುಗಳ ಅಂತರ ಅತಿ ದೊಡ್ಡ ಕಣಕ್ಕಿಂತ ಹೆಚ್ಚಿರಲಿ, ಇಲ್ಲವಾದರೆ ಒಂದೇ ಕಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಗಾಜ್ಜಿ–ಡಿಕಿನ್ಸನ್ ಕ್ರಮದಲ್ಲಿ, ಶಿಲಾಚೂರಿನೊಳಗೆ 63 ಮೈಕ್ರಾನ್‌ಗಿಂತ ದೊಡ್ಡದಾದ ಕ್ವಾರ್ಟ್ಜ್ ಇದ್ದು ಬಿಂದು ಅದರ ಮೇಲೆ ಬಿದ್ದರೆ ಅದನ್ನು ಕ್ವಾರ್ಟ್ಜ್ ಎಂದೇ ಎಣಿಸಬೇಕು. ಮರಳು ದಪ್ಪವಿರಲಿ, ಸಣ್ಣವಿರಲಿ, ಫಲಿತಾಂಶ ಹೋಲಿಸಬಹುದಾದದ್ದು ಇದರಿಂದ. ಡಿಕಿನ್ಸನ್ ತ್ರಿಕೋನಗಳಲ್ಲಿ, ಅಂದರೆ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಶಿಲಾಚೂರುಗಳ ಪ್ರಮಾಣದಿಂದ ಮೂಲದ ಬಗೆ ಸೂಚಿಸುವ ಚಿತ್ರಗಳಲ್ಲಿ, ಬಿಂದು ಹಾಕುವವರು ಇದೇ ಕ್ರಮದಲ್ಲಿ ಎಣಿಸಿರಬೇಕು. ಬೇರೆ ಕ್ರಮದಲ್ಲಿ ಎಣಿಸಿ ಅದೇ ತ್ರಿಕೋನಕ್ಕೆ ಹಾಕಿದ ಲೇಖನಗಳು ಕಡಿಮೆಯೇನಿಲ್ಲ.

ಸೂಕ್ಷ್ಮ ಮರಳಿನಲ್ಲಿ ಅವಳಿರೇಖೆ ಇಲ್ಲದ ಫೆಲ್ಡ್‌ಸ್ಪಾರ್ ಕ್ವಾರ್ಟ್ಜ್‌ನಂತೆಯೇ ಕಾಣುತ್ತದೆ. ಸೋಡಿಯಂ ಕೊಬಾಲ್ಟಿನೈಟ್ರೈಟ್‌ನಿಂದ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್‌ಗೆ ಹಳದಿ ಬಣ್ಣ ಹತ್ತಿಸಿದರೆ ಗೊಂದಲ ಇರದು. ಅದಕ್ಕೆ ಮೊದಲು ಹೈಡ್ರೋಫ್ಲೋರಿಕ್ ಆಮ್ಲದ ಆವಿ ಹಿಡಿಸಬೇಕು. ಇದು ಎಲುಬಿನವರೆಗೆ ಇಳಿಯುವ ವಿಷ. ಫ್ಯೂಮ್ ಹುಡ್, ಸರಿಯಾದ ಕೈಗವಸು, ಪಕ್ಕದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ತರಬೇತಾದ ಮೇಲ್ವಿಚಾರಕರು ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ಈ ಹಂತ ಬಿಡಿ.

ಕ್ವಾರ್ಟ್ಜ್ ಕಣಗಳೂ ಸ್ವಲ್ಪ ಮಾತಾಡುತ್ತವೆ. ಸೂಕ್ಷ್ಮದರ್ಶಕದಲ್ಲಿ ಎರಡು ಪೋಲರೈಸರ್ ಒಂದಕ್ಕೊಂದು ಅಡ್ಡವಿಟ್ಟು ವೇದಿಕೆ ತಿರುಗಿಸಿದಾಗ ಕಣ 5 ಡಿಗ್ರಿಯೊಳಗೆ ಒಟ್ಟಿಗೆ ಕಪ್ಪಾದರೆ ಒಂದು ವರ್ಗ, ಅಲೆಅಲೆಯಾಗಿ ಕಪ್ಪಾದರೆ ಇನ್ನೊಂದು. ಒಂದು ಕಣದಲ್ಲಿ 2–3 ಹರಳಿದ್ದರೆ ಒಂದು ವರ್ಗ, ಹೆಚ್ಚಿದ್ದರೆ ಮತ್ತೊಂದು. 1975ರಲ್ಲಿ ಅಭಿಜಿತ್ ಬಸು ಮತ್ತು ಸಂಗಡಿಗರು ಕೊಟ್ಟ ಈ ವಿಂಗಡಣೆ ಗ್ರಾನೈಟ್ ಮೂಲವನ್ನು ರೂಪಾಂತರ ಶಿಲೆಯ ಮೂಲದಿಂದ ಬೇರೆಮಾಡಲು ನೆರವಾಗುತ್ತದೆ. ಅದು ನಡುಗಾತ್ರದ, ಮೊದಲ ಸಲ ಸವೆದ ಮರಳಿಗೆ ಹೇಳಿದ್ದು. ಮಡಿಕೆಬಿದ್ದ ಸವದತ್ತಿ ಕ್ವಾರ್ಟ್ಜೈಟಿನಲ್ಲಿ ಅಲೆ ಆಮೇಲಿನ ಒತ್ತಡದಿಂದಲೂ ಬಂದಿರುವುದರಿಂದ ಅಲ್ಲಿ ಇದನ್ನು ನಂಬಬೇಡಿ.

ಕುಟ್ಟುವುದು, ತೊಳೆಯುವುದು, ಜರಡಿ

ಕಲ್ಲನ್ನು ಕುಟ್ಟಬೇಕು, ಅರೆಯಬಾರದು. ಉಕ್ಕಿನ ಒರಳಲ್ಲಿ ಹಾರೆಯನ್ನು ಮೇಲಿಂದ ನೇರವಾಗಿ ಬಿಡಿ, ತಿರುವಬೇಡಿ. ನಾಲ್ಕು ಏಟಿಗೊಮ್ಮೆ ಜರಡಿ ಹಿಡಿದು ಸಣ್ಣದನ್ನು ತೆಗೆದಿಟ್ಟು ಉಳಿದದ್ದನ್ನು ಮತ್ತೆ ಕುಟ್ಟಿ. ಒಂದೇ ಸಲಕ್ಕೆ ಪೂರ್ತಿ ಕುಟ್ಟಿದರೆ ಕಯನೈಟ್, ಹಾರ್ನ್‌ಬ್ಲೆಂಡ್‌ನಂಥ ಸೀಳುವ ಖನಿಜಗಳು ಚೂರಾಗಿ ಎಣಿಕೆಯಲ್ಲಿ ಹೆಚ್ಚಾಗುತ್ತವೆ, ಇಲ್ಲವೇ ಧೂಳಾಗಿ ಕಾಣೆಯಾಗುತ್ತವೆ.

ಕ್ಯಾಲ್ಸೈಟ್ ಬೆಸುಗೆ ಇದ್ದರೆ 10 ಶೇಕಡಾ ಅಸಿಟಿಕ್ ಆಮ್ಲದಲ್ಲಿ, ಗುಳ್ಳೆ ನಿಲ್ಲುವವರೆಗೆ ನೆನೆಸಿಡಿ. ಹೈಡ್ರೋಕ್ಲೋರಿಕ್ ಆಮ್ಲ ಬೇಗ ಕೆಲಸ ಮುಗಿಸುತ್ತದೆ ನಿಜ, ಜೊತೆಗೆ ಅಪಟೈಟನ್ನೂ ಮುಗಿಸುತ್ತದೆ. ಆಮೇಲೆ "ಅಪಟೈಟ್ ಇಲ್ಲ, ಮೂಲದಲ್ಲಿ ತೀವ್ರ ಶಿಥಿಲೀಕರಣ" ಎಂದು ಬರೆದರೆ ಆ ಶಿಥಿಲೀಕರಣ ನಡೆದದ್ದು ಬೀಕರಿನಲ್ಲಿ. ಬಾದಾಮಿ ಕಲ್ಲಿನ ಕೆಂಪು ಕಬ್ಬಿಣದ ಲೇಪಕ್ಕೆ ಸೋಡಿಯಂ ಡೈಥಯೊನೈಟ್, ಸಿಟ್ರೇಟ್, ಬೈಕಾರ್ಬೊನೇಟ್ ಮಿಶ್ರಣ ಒಳ್ಳೆಯದು. ಅದು ಆಮ್ಲೀಯವಲ್ಲದ್ದರಿಂದ ಹಾನಿ ಕಡಿಮೆ. ಹೇಗೂ ಪ್ರತಿ ಮಾದರಿಯ ಒಂದು ಪಾಲನ್ನು ಯಾವ ರಾಸಾಯನಿಕವೂ ತಾಗದಂತೆ ಇಟ್ಟು, ಅದನ್ನೂ ಎಣಿಸಿ ಹೋಲಿಸಬೇಕು.

ಜೇಡಿಯನ್ನು ನೀರಿನಲ್ಲಿ ಕಲಕಿ ಬಸಿದು ತೆಗೆಯಿರಿ. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಕೆಲವೇ ನಿಮಿಷ ಸಾಕು, ಹೆಚ್ಚಾದರೆ ಬಿರುಕಿರುವ ಕಣ ಒಡೆಯುತ್ತದೆ. ಆಮೇಲೆ ಒದ್ದೆ ಜರಡಿ: 63ರಿಂದ 250 ಮೈಕ್ರಾನ್, ಅಂದರೆ 230 ಮತ್ತು 60 ಮೆಶ್ ನಡುವಿನದು. ಎಣಿಕೆಗೆ ಇನ್ನೂ ಇಕ್ಕಟ್ಟಾಗಿ 63–125 ಮೈಕ್ರಾನ್ ಇಟ್ಟುಕೊಳ್ಳುವವರಿದ್ದಾರೆ. ಗುರುತಿಸಲು ಅದು ಸುಲಭ. ಆದರೆ ದಪ್ಪ ಗಾರ್ನೆಟ್, ಟೂರ್ಮಲಿನ್ ಅದರಿಂದ ತಪ್ಪಿಹೋಗುತ್ತವೆ. ಯಾವುದನ್ನು ಆರಿಸಿದರೂ ಎಲ್ಲ ಮಾದರಿಗೂ ಅದೇ ಇರಲಿ, ನಡುವೆ ಬದಲಿಸಬೇಡಿ. ಒಣಗಿಸುವಾಗ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟದಿರಲಿ.

ಜರಡಿಯ ಕಣ್ಣುಗಳಲ್ಲಿ ಹಿಂದಿನ ಮಾದರಿಯ ಜಿರ್ಕಾನ್ ಸಿಕ್ಕಿಕೊಂಡಿರುತ್ತದೆ. ಮೆತ್ತನೆಯ ಬ್ರಷ್, ಅಲ್ಟ್ರಾಸೋನಿಕ್, ಮತ್ತೆ ಬ್ರಷ್. ಭಾರ ಖನಿಜ ಕಡಿಮೆ ಇರುವ ಮಾದರಿಯನ್ನು ಮೊದಲು, ಹೆಚ್ಚಿರುವುದನ್ನು ಕೊನೆಗೆ ತೆಗೆದುಕೊಳ್ಳಿ. ನಡುವೆ ಒಮ್ಮೆ ಶುದ್ಧ ಗಾಜಿನ ಮಣಿಗಳನ್ನು ಇದೇ ದಾರಿಯಲ್ಲಿ ಕಳಿಸಿ, ಕೊನೆಯಲ್ಲಿ ಏನು ಬರುತ್ತದೆ ನೋಡಿ. ಏನೂ ಬರಬಾರದು.

ಭಾರ ದ್ರವದಲ್ಲಿ ಬೇರ್ಪಡಿಸುವುದು

ಕ್ವಾರ್ಟ್ಜ್‌ನ ಸಾಂದ್ರತೆ 2.65. ದ್ರವದ ಸಾಂದ್ರತೆಯನ್ನು 2.90ಕ್ಕೆ ಇಟ್ಟರೆ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ತೇಲುತ್ತವೆ, ಭಾರ ಖನಿಜ ಮುಳುಗುತ್ತದೆ. ಬ್ರೋಮೋಫಾರ್ಮ್ 2.89 ಇದ್ದು ಚುರುಕಾಗಿ ಕೆಲಸ ಮಾಡುತ್ತದೆ, ಆದರೆ ಅದರ ಆವಿ ವಿಷ. ಸೋಡಿಯಂ ಪಾಲಿಟಂಗ್‌ಸ್ಟೇಟ್ ನೀರಿನಲ್ಲಿ ಕರಗುವಂಥದ್ದು, ವಾಸನೆಯಿಲ್ಲ, ಮತ್ತೆ ಮತ್ತೆ ಬಳಸಬಹುದು. ಬೆಲೆ ಹೆಚ್ಚು, ಹರಿವು ಮಂದ. ಹೊಸದಾಗಿ ಶುರುಮಾಡುವ ಪ್ರಯೋಗಾಲಯಕ್ಕೆ ಇದೇ ಸರಿ.

ಇದಕ್ಕೆ ಮೂರು ಶತ್ರುಗಳು. ಮೊದಲನೆಯದು ಗಡಸು ನೀರು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಸೇರಿದರೆ ಕರಗದ ಬಿಳಿ ಕೆಸರು ಕೂರುತ್ತದೆ, ದ್ರವ ಹಾಳು. ಡಿಸ್ಟಿಲ್ಡ್ ನೀರು ಬಿಟ್ಟು ಬೇರೆ ಯಾವುದೂ ಬೇಡ. ಕ್ಯಾಲ್ಸೈಟ್ ಇದ್ದ ಮಾದರಿಯನ್ನು ಆಮ್ಲದ ಬಳಿಕ ಹಲವು ಸಲ ತೊಳೆದು ಒಣಗಿಸಿಯೇ ಹಾಕಬೇಕು. ಎರಡನೆಯದು ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆ ಮತ್ತು ಚಮಚ, ಒರಳಿನಿಂದ ಬಂದ ಉಕ್ಕಿನ ಚೂರು. ಇವು ತಾಗಿದರೆ ದ್ರವ ನೀಲಿಯಾಗುತ್ತದೆ. ಮೊದಲೇ ಕೈ ಆಯಸ್ಕಾಂತ ಹಿಡಿದು ಚೂರು ತೆಗೆಯಿರಿ. ಮ್ಯಾಗ್ನಟೈಟ್ ಕೂಡ ಬರುತ್ತದೆ, ಅದನ್ನು ಎಸೆಯದೆ ತೂಗಿಡಿ. ಮೂರನೆಯದು ಅತಿಯಾದ ಬಿಸಿ. ಬಳಸಿದ ದ್ರವವನ್ನು ಸೋಸಿ 60 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಆವಿಯಾಗಿಸಬೇಕು. ಹೆಚ್ಚು ಗಟ್ಟಿಯಾಗಿ ಹರಳು ಕಟ್ಟಿದರೆ ಡಿಸ್ಟಿಲ್ಡ್ ನೀರು ಹನಿಸಿ ಕರಗಿಸಿ.

ಸಾಂದ್ರತೆಯನ್ನು ಪ್ರತಿ ಸಲವೂ ಪರೀಕ್ಷಿಸಿ. 25 ಮಿಲಿ ಅಳತೆ ಫ್ಲಾಸ್ಕ್ ತುಂಬಿ ತೂಗಿದರೆ ದ್ರವ 72.5 ಗ್ರಾಂ ಬರಬೇಕು. ಕಡಿಮೆ ಬಂದರೆ ಬಿಳಿ ಕ್ವಾರ್ಟ್ಜ್ ಅಲ್ಲದಿದ್ದರೂ ಮೈಕಾ, ಶಿಲಾಚೂರುಗಳು ತಳಕ್ಕೆ ಇಳಿಯುತ್ತವೆ.

ಕ್ರಮ ಹೀಗೆ. 250 ಮಿಲಿ ಬೇರ್ಪಡಿಸುವ ಆಲಿಕೆಯಲ್ಲಿ ಅರ್ಧದಷ್ಟು ದ್ರವ, ಅದಕ್ಕೆ ಸರಿಯಾಗಿ ತೂಗಿದ 20 ಗ್ರಾಂ ಒಣ ಮರಳು. ಗಾಜಿನ ಕಡ್ಡಿಯಿಂದ ಚೆನ್ನಾಗಿ ಕಲಕಿ. ತೇಲುವ ಪದರದಡಿ ಭಾರದ ಕಣಗಳು ಸಿಕ್ಕಿಕೊಂಡಿರುತ್ತವೆ, 15–20 ನಿಮಿಷಕ್ಕೊಮ್ಮೆ ಮತ್ತೆ ಕಲಕಬೇಕು. ಪಾಲಿಟಂಗ್‌ಸ್ಟೇಟ್ ಮಂದವಾದ್ದರಿಂದ 63–125 ಮೈಕ್ರಾನ್ ಕಣ ಪೂರ್ತಿ ಇಳಿಯಲು ಹಲವು ಗಂಟೆ ಬೇಕು, ರಾತ್ರಿ ಬಿಟ್ಟರೂ ನಷ್ಟವಿಲ್ಲ. ಆಮೇಲೆ ಕೀಲಿ ತಿರುಗಿಸಿ ತಳದ್ದನ್ನು ಸೋಸು ಕಾಗದಕ್ಕೆ ಬಿಡಿ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಿ ತೂಗಿ. ಸೆಂಟ್ರಿಫ್ಯೂಜ್ ಇದ್ದರೆ 50 ಮಿಲಿ ನಳಿಕೆಗೆ 5ರಿಂದ 10 ಗ್ರಾಂ ಮರಳು ಹಾಕಿ 15–20 ನಿಮಿಷ ತಿರುಗಿಸಿ, ನಳಿಕೆಯ ತುದಿಯನ್ನು ದ್ರವ ನೈಟ್ರೋಜನ್‌ನಲ್ಲಿ ಅದ್ದಿ ತಳ ಹೆಪ್ಪುಗಟ್ಟಿಸಿ ಮೇಲಿನದನ್ನು ಸುರಿದುಬಿಡಬಹುದು.

ಬಾದಾಮಿಯಂಥ ಕ್ವಾರ್ಟ್ಜ್ ತುಂಬಿದ ಕಲ್ಲಿನಲ್ಲಿ ಭಾರ ಖನಿಜ ತೂಕದಲ್ಲಿ 1 ಶೇಕಡಾಕ್ಕಿಂತ ಬಹಳ ಕೆಳಗೆ ಇದ್ದರೂ ಗಾಬರಿ ಬೇಡ. 0.1 ಶೇಕಡಾ ಎಂದಿಟ್ಟುಕೊಳ್ಳಿ. 20 ಗ್ರಾಂಗೆ 20 ಮಿಲಿಗ್ರಾಂ ಸಿಗುತ್ತದೆ. 100 ಮೈಕ್ರಾನ್ ಕಣ ಒಂದರ ತೂಕ ಸುಮಾರು 2 ಮೈಕ್ರೋಗ್ರಾಂ, ಅಂದರೆ ಹತ್ತು ಸಾವಿರ ಕಣ. ಒಂದು ಸ್ಲೈಡಿಗೆ ಸಾವಿರ ಸಾಕು.

ಸ್ಲೈಡ್ ಮತ್ತು ಎಣಿಕೆ

ಶೀಶೆಯನ್ನು ಬಗ್ಗಿಸಿ ತಟ್ಟಿ ಕಣಗಳನ್ನು ಸ್ಲೈಡಿಗೆ ಉದುರಿಸುವುದು ಸಾಮಾನ್ಯ ತಪ್ಪು. ಉರುಟು ಕಣ ಮೊದಲು ಉರುಳುತ್ತದೆ, ಚಪ್ಪಟೆ ಹಿಂದುಳಿಯುತ್ತದೆ. ಕಾಗದದ ಮೇಲೆ ಗುಪ್ಪೆ ಹಾಕಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಉಳಿಸಿಕೊಂಡು ಮತ್ತೆ ಭಾಗ ಮಾಡುತ್ತ ಬನ್ನಿ. ಅಂಟಾಗಿ ಕೆನಡಾ ಬಾಲ್ಸಂ ನಡೆಯುತ್ತದೆ. ವಕ್ರೀಭವನಾಂಕ 1.66ರ ಅಂಟು ಸಿಕ್ಕರೆ ಅಪಟೈಟ್, ಟೂರ್ಮಲಿನ್‌ಗಳನ್ನು ಹೆಚ್ಚು ಅಂಕದವುಗಳಿಂದ ಬೇರೆಮಾಡುವುದು ಸಲೀಸು.

ಪಾರದರ್ಶಕ, ಮೈಕಾ ಅಲ್ಲದ, ಕಲ್ಲಿನೊಳಗೆ ಬೆಳೆದದ್ದಲ್ಲದ 200 ಕಣ ಎಣಿಸಿ. ಸ್ಲೈಡಿನ ಮೇಲೆ ಒಂದು ಅಗಲದ ಪಟ್ಟಿ ಗೊತ್ತುಮಾಡಿ ಅದರೊಳಗೆ ಬಂದ ಪ್ರತಿ ಕಣವನ್ನೂ ಎಣಿಸಬೇಕು. ಅಡ್ಡಗೆರೆಯ ಮೇಲೆ ಬಿದ್ದುದನ್ನಷ್ಟೇ ಎಣಿಸಿದರೆ ದೊಡ್ಡ ಕಣಗಳಿಗೆ ಹೆಚ್ಚು ಪಾಲು ಸಿಗುತ್ತದೆ. 200 ಎಣಿಸಿದಾಗ 50 ಶೇಕಡಾ ಬಂದದ್ದಕ್ಕೆ ಏರುಪೇರು 7 ಅಂಶ, 10 ಶೇಕಡಾ ಬಂದದ್ದಕ್ಕೆ 4 ಅಂಶ. ಹಾಗಾಗಿ ಎರಡು ಮಾದರಿಗಳಲ್ಲಿ ಗಾರ್ನೆಟ್ 8 ಮತ್ತು 11 ಶೇಕಡಾ ಇದ್ದರೆ ಅದು ವ್ಯತ್ಯಾಸವೇ ಅಲ್ಲ.

ಗುರುತಿಸುವಾಗ ಮೋಸಮಾಡುವವು ಇವು. ಟೂರ್ಮಲಿನ್ ಬಣ್ಣ ಬದಲಿಸುವುದು ಹಾರ್ನ್‌ಬ್ಲೆಂಡ್‌ಗೆ ವಿರುದ್ಧ ದಿಕ್ಕಿನಲ್ಲಿ: ಪೋಲರೈಸರ್‌ಗೆ ಕಣದ ಉದ್ದ ಅಡ್ಡವಾದಾಗ ಅದು ಅತಿ ಗಾಢ. ಅಪಟೈಟ್ ಬೂದು, ನಿರ್ಲಿಪ್ತ, ಕಣ್ಣು ತಪ್ಪಿಸಿಕೊಳ್ಳುತ್ತದೆ. ಹೊಸಬರ ಎಣಿಕೆಯಲ್ಲಿ ಯಾವಾಗಲೂ ಕಡಿಮೆ ಬರುವುದು ಇದೇ. ಜಿರ್ಕಾನ್ ಮತ್ತು ಉರುಟಾದ ಮೋನಜೈಟ್ ಒಂದರಂತೆ ಇನ್ನೊಂದು. ಮೋನಜೈಟ್‌ನ ಹಳದಿ ಛಾಯೆ ನೆರವಾಗುತ್ತದೆ, ಸಂಶಯ ಉಳಿದರೆ ರಾಮನ್ ಸ್ಪೆಕ್ಟ್ರೋಮೀಟರ್. ಕ್ರೋಮ್ ಸ್ಪಿನೆಲ್ಲನ್ನು ಅಪಾರದರ್ಶಕವೆಂದು ಬಿಟ್ಟುಬಿಡುತ್ತಾರೆ. ದೀಪ ಜೋರುಮಾಡಿ ಅಂಚು ನೋಡಿ, ಕಾಫಿ ಕಂದು ಇಣುಕುತ್ತದೆ. ಗಾರ್ನೆಟ್ ಮೇಲ್ಮೈ ಮೆಟ್ಟಿಲುಮೆಟ್ಟಿಲಾಗಿ ಕೊರೆದಿದ್ದರೆ ಅದು ಕರಗುತ್ತಿತ್ತು ಎಂದರ್ಥ. ಇದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬರೈಟ್, ಅನಟೇಸ್, ಪೈರೈಟ್ ಹೆಚ್ಚಾಗಿ ಕಲ್ಲಿನೊಳಗೇ ಹುಟ್ಟಿದವು, ಎಣಿಕೆಗೆ ಸೇರಬಾರದು.

ಜಿರ್ಕಾನ್, ಟೂರ್ಮಲಿನ್‌ಗಳ ಆಕಾರವನ್ನೂ ಬೇರೆ ಕಾಲಂನಲ್ಲಿ ಬರೆಯಿರಿ: ಚೂಪು ಮುಖವಿರುವುದು, ಅರೆ ಉರುಟು, ಪೂರ್ತಿ ಉರುಟು.

ಅಂಕಿಗಳಿಂದ ಅರ್ಥಕ್ಕೆ

1962ರಲ್ಲಿ ಹ್ಯೂಬರ್ಟ್ ಸೂಚಿಸಿದ ಜೆಡ್‌ಟಿಆರ್ ಸೂಚ್ಯಂಕ ಎಂದರೆ ಪಾರದರ್ಶಕ ಕಣಗಳಲ್ಲಿ ಜಿರ್ಕಾನ್, ಟೂರ್ಮಲಿನ್, ರೂಟೈಲ್ ಮೂರರ ಒಟ್ಟು ಶೇಕಡಾವಾರು. ಇದು 90 ದಾಟಿದ್ದರೆ ಮರಳು ಬಹಳ ಸವೆದಿದೆ ಅಥವಾ ಬಹಳ ಕರಗಿದೆ. ಎರಡರಲ್ಲಿ ಯಾವುದು ಎಂದು ಅದು ಹೇಳುವುದಿಲ್ಲ. ಮೂಲದ ಬಗ್ಗೆಯಂತೂ ಏನನ್ನೂ ಹೇಳುವುದಿಲ್ಲ.

ಹಿಮಾಲಯದ ಬುಡದ ಶಿವಾಲಿಕ್ ಪದರಗಳು ಇದಕ್ಕೆ ಒಳ್ಳೆಯ ಪಾಠ. ಕೆಳ ಶಿವಾಲಿಕ್‌ನಲ್ಲಿ ಸ್ಟಾರೋಲೈಟ್, ನಡುವಿನದರಲ್ಲಿ ಕಯನೈಟ್, ಮೇಲಿನದರಲ್ಲಿ ಹಾರ್ನ್‌ಬ್ಲೆಂಡ್ ಮತ್ತು ಸಿಲಿಮನೈಟ್ ಎದ್ದುಕಾಣುತ್ತವೆ. ಬೆಟ್ಟ ಏಳುತ್ತ ಸವೆಯುತ್ತ ಹೋದಂತೆ ಹೆಚ್ಚು ಆಳದ, ಹೆಚ್ಚು ಬಿಸಿ ಕಂಡ ಬಂಡೆ ಬಯಲಾಯಿತು ಎಂದು ಓದಬಹುದು. ಆದರೆ ಆಳಕ್ಕೆ ಹೂತ ಮರಳಿನಲ್ಲಿ ಹಾರ್ನ್‌ಬ್ಲೆಂಡ್, ಸಿಲಿಮನೈಟ್ ಮೊದಲು ಕರಗುತ್ತವೆ, ಆಮೇಲೆ ಎಪಿಡೋಟ್, ಕಯನೈಟ್, ಸ್ಟಾರೋಲೈಟ್, ಕೊನೆಗೆ ಗಾರ್ನೆಟ್. ಉತ್ತರ ಸಮುದ್ರದ ತೈಲಬಾವಿಗಳಲ್ಲಿ ಈ ಸರದಿಯನ್ನು ಆಳದ ಪ್ರಕಾರ ಗುರುತಿಸಿದ್ದಾರೆ. ಹಾಗಿದ್ದರೆ ಶಿವಾಲಿಕ್‌ನ ಕೆಳಪದರದಲ್ಲಿ ಹಾರ್ನ್‌ಬ್ಲೆಂಡ್ ಇಲ್ಲದಿರುವುದು ಬಂದೇ ಇಲ್ಲವೆಂದೋ, ಬಂದು ಕರಗಿತೆಂದೋ? ಯಾವ ಖನಿಜ ಇದೆ ಎಂಬ ಪಟ್ಟಿಯೊಂದರಿಂದ ಇದನ್ನು ಬಿಡಿಸಲಾಗದು.

ಇದಕ್ಕೆ ದಾರಿ, ಜೋಡಿ ಎಣಿಕೆ. ಸಾಂದ್ರತೆಯಲ್ಲಿ ಹತ್ತಿರವಿರುವ, ಆದ್ದರಿಂದ ಹರಿವಿನಲ್ಲಿ ಒಂದೇ ರೀತಿ ನಡೆದುಕೊಳ್ಳುವ ಎರಡು ಖನಿಜಗಳ ಅನುಪಾತವನ್ನಷ್ಟೇ ತೆಗೆಯುವುದು. ಮಾರ್ಟನ್ ಮತ್ತು ಹಾಲ್ಸ್‌ವರ್ತ್ 1994ರಲ್ಲಿ ಕೊಟ್ಟ ಸೂಚ್ಯಂಕಗಳು ಇವೇ. ಲೆಕ್ಕ ಸರಳ: ರೂಟೈಲ್ ಎಣಿಕೆಯನ್ನು ರೂಟೈಲ್ ಮತ್ತು ಜಿರ್ಕಾನ್‌ಗಳ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. ಹಾಗೆಯೇ ಕ್ರೋಮ್ ಸ್ಪಿನೆಲ್–ಜಿರ್ಕಾನ್, ಮೋನಜೈಟ್–ಜಿರ್ಕಾನ್, ಗಾರ್ನೆಟ್–ಜಿರ್ಕಾನ್, ಅಪಟೈಟ್–ಟೂರ್ಮಲಿನ್. ಪ್ರತಿ ಜೋಡಿಗೂ 200 ಕಣ ಆಗುವವರೆಗೆ ಎಣಿಸಬೇಕು, ಒಟ್ಟು 200ರಲ್ಲಿ ಸಿಕ್ಕ ಹತ್ತು ಕಣಗಳಿಂದ ಅನುಪಾತ ತೆಗೆಯಬಾರದು.

ಮೊದಲ ಮೂರು ಜೋಡಿಗಳ ಎರಡೂ ಸದಸ್ಯರು ಗಟ್ಟಿಗರು, ಬಿಸಿಗೂ ಮಳೆಗೂ ಬಗ್ಗದವರು. ಅಲ್ಲಿ ಕಂಡ ವ್ಯತ್ಯಾಸ ಮೂಲದ್ದೇ ಎನ್ನಬಹುದು. ಕ್ರೋಮ್ ಸ್ಪಿನೆಲ್ ಏರಿದರೆ ಶಿಸ್ಟ್ ಪಟ್ಟಿಯ ಅಲ್ಟ್ರಾಮಾಫಿಕ್ ಶಿಲೆಯನ್ನು ಹುಡುಕಿ. ರೂಟೈಲ್ ಏರಿದರೆ ಹೆಚ್ಚು ರೂಪಾಂತರಗೊಂಡ ಬಂಡೆ. ಉಳಿದೆರಡು ಬೇರೆ ಕೆಲಸದವು. ಅಪಟೈಟ್ ಆಮ್ಲೀಯ ಮಳೆನೀರಿಗೆ ಕರಗುತ್ತದೆ, ಆಳದಲ್ಲಿ ಉಳಿಯುತ್ತದೆ. ಹಾಗಾಗಿ ಅಪಟೈಟ್–ಟೂರ್ಮಲಿನ್ ಅಂಕ ಕುಸಿದಿದ್ದರೆ ಮೂಲದಲ್ಲೋ ನದಿಬಯಲಲ್ಲೋ ಇಲ್ಲವೇ ಈಗಿನ ಮೇಲ್ಮೈಯಲ್ಲೋ ಶಿಥಿಲೀಕರಣ ಆಗಿದೆ. ಗಾರ್ನೆಟ್ ಅಂಕ ಕುಸಿದು, ಉಳಿದ ಗಾರ್ನೆಟ್ ಕೊರೆದಂತಿದ್ದರೆ ಆಳದಲ್ಲಿ ಕರಗಿದೆ. ಎರಡೂ ಒಟ್ಟಿಗೆ ಕುಸಿದಿದ್ದರೆ ಮೊದಲು ನಿಮ್ಮ ಮಾದರಿ ಶಿಥಿಲವಾಗಿತ್ತೇ ಎಂದು ಚೀಲ ತೆರೆದು ನೋಡಿ.

ಒಂಟಿ ಕಣದ ವಿಶ್ಲೇಷಣೆ

ಇಲ್ಲಿಂದ ಮುಂದೆ ಹಣದ ಮಾತು. ಗಾರ್ನೆಟ್ ಉಳಿದಿದ್ದರೆ ಇಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿ 50 ಕಣಗಳ ರಾಸಾಯನಿಕ ಸಂಯೋಜನೆ ತೆಗೆಸುವುದು ಲಾಭದ ಕೆಲಸ. ಮೆಗ್ನೀಶಿಯಂ ಹೆಚ್ಚಿದ್ದರೆ ಗ್ರಾನುಲೈಟ್‌ನತ್ತ, ಮ್ಯಾಂಗನೀಸ್ ಹೆಚ್ಚಿದ್ದರೆ ಕಡಿಮೆ ಬಿಸಿಯ ಶಿಸ್ಟ್ ಅಥವಾ ಪೆಗ್ಮಟೈಟ್‌ನತ್ತ. ರೂಟೈಲ್‌ನಲ್ಲಿ ಕ್ರೋಮಿಯಂ–ನಿಯೋಬಿಯಂ ಅನುಪಾತ ಮೂಲ ಬಂಡೆ ಬಸಾಲ್ಟ್ ಜಾತಿಯದೋ ಜೇಡಿ ಜಾತಿಯದೋ ಹೇಳುತ್ತದೆ, ಜಿರ್ಕೋನಿಯಂ ಪ್ರಮಾಣ ಬಿಸಿಯನ್ನು ಹೇಳುತ್ತದೆ.

ಜಿರ್ಕಾನ್ ಯುರೇನಿಯಂ–ಸೀಸ ವಯಸ್ಸಿಗೆ ಮಾದರಿ ಸಿದ್ಧಮಾಡುವಾಗ ಮೆಥಿಲೀನ್ ಅಯೋಡೈಡ್‌ನಲ್ಲಿ, ಅಂದರೆ ಸಾಂದ್ರತೆ 3.32ರಲ್ಲಿ, ಇನ್ನೊಮ್ಮೆ ಬೇರ್ಪಡಿಸಿದರೆ ಅಪಟೈಟ್, ಟೂರ್ಮಲಿನ್ ಮೇಲೆ ಉಳಿಯುತ್ತವೆ. ಆಯಸ್ಕಾಂತ ವಿಂಗಡಕದಲ್ಲಿ ಪ್ರವಾಹ ಏರಿಸುತ್ತ ಅತಿ ಶುದ್ಧ ಜಿರ್ಕಾನ್ ಮಾತ್ರ ಉಳಿಸಿಕೊಳ್ಳುವ ಹಳೆಯ ಚಾಳಿ ಇಲ್ಲಿ ಬೇಡ. ಯುರೇನಿಯಂ ಹೆಚ್ಚಿರುವ ಕಣಗಳು ಹೊರಹೋದರೆ ಅವು ಪ್ರತಿನಿಧಿಸುವ ಗ್ರಾನೈಟೂ ಹೋಗುತ್ತದೆ. ಚೆಂದದ ಚೂಪು ಕಣಗಳನ್ನೇ ಆರಿಸುವುದೂ ಅದೇ ತಪ್ಪು. ಎಪಾಕ್ಸಿಯಲ್ಲಿ ಕಣಗಳನ್ನು ಸುರಿದು ಅರ್ಧಕ್ಕೆ ಉಜ್ಜಿ, ಕ್ಯಾಥೋಡೊಲ್ಯೂಮಿನೆಸೆನ್ಸ್ ಚಿತ್ರ ತೆಗೆದು, ಒಂದೇ ಲೇಸರ್ ಬಿಂದು ತಿರುಳು ಮತ್ತು ಹೊರಪದರ ಎರಡರ ಮೇಲೂ ಒಟ್ಟಿಗೆ ಬೀಳದಂತೆ ಜಾಗ ಗೊತ್ತುಮಾಡಿ.

ಎಷ್ಟು ಕಣ? ನಿರ್ದಿಷ್ಟವಾದ ಒಂದು 5 ಶೇಕಡಾ ಪಾಲು ಕೈತಪ್ಪದಿರಲು 60 ಸಾಕು. ಯಾವುದೇ 5 ಶೇಕಡಾ ಪಾಲೂ ಕೈತಪ್ಪಿಲ್ಲವೆಂದು 95 ಶೇಕಡಾ ಖಚಿತವಾಗಿ ಹೇಳಲು 117 ಬೇಕು ಎಂದು ವರ್ಮೀಶ್ 2004ರಲ್ಲಿ ಲೆಕ್ಕ ತೋರಿಸಿದರು. ಇಷ್ಟು ಹಳೆಯ ಕಣಗಳಿಗೆ ಸೀಸ 207–ಸೀಸ 206 ವಯಸ್ಸನ್ನು ಬಳಸಿ, ಎರಡು ಗಡಿಯಾರಗಳ (ಯುರೇನಿಯಂ 238–ಸೀಸ 206 ಮತ್ತು ಯುರೇನಿಯಂ 235–ಸೀಸ 207) ನಡುವೆ 10 ಶೇಕಡಾಕ್ಕಿಂತ ಹೆಚ್ಚು ಅಂತರವಿರುವುದನ್ನು ಬೇರೆ ಇಡಿ. ಬೇರೆ ಇಟ್ಟವು ಎಷ್ಟು ಎಂದೂ ವರದಿಯಲ್ಲಿ ಬರೆಯಿರಿ.

ಕರ್ನಾಟಕದಲ್ಲಿ ಇದರ ಉಪಯೋಗ ಸ್ಪಷ್ಟ. ಕರ್ನಾಟಕದ ತಳಪಾಯವಾದ ಧಾರವಾಡ ಶಿಲಾಖಂಡದ ಪಶ್ಚಿಮ ಭಾಗದ ನೈಸ್ ಬಹುಪಾಲು 300ರಿಂದ 340 ಕೋಟಿ ವರ್ಷ ಹಳೆಯದು, ಪೂರ್ವ ಭಾಗದ ಬಂಡೆಗಳು ಹೆಚ್ಚಾಗಿ 250ರಿಂದ 270 ಕೋಟಿ, ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 252 ಕೋಟಿ. ಕಣಗಳ ವಯಸ್ಸಿನ ರೇಖಾಚಿತ್ರದಲ್ಲಿ ಶಿಖರ 320 ಕೋಟಿಯಲ್ಲಿ ಬಂದರೆ ಒಂದು ಕಡೆ, 252ರಲ್ಲಿ ಬಂದರೆ ಇನ್ನೊಂದು ಕಡೆ ಮುಖಮಾಡಬಹುದು. ಆದರೆ 260ರ ಶಿಖರ ಕಂಡು ಪೂರ್ವವೆಂದು ಹಾರಬೇಡಿ, ಚಿತ್ರದುರ್ಗ, ಅರಸೀಕೆರೆಯ ಗ್ರಾನೈಟ್‌ಗಳೂ ಅದೇ ವಯಸ್ಸಿನವು, ಮತ್ತು ಅವು ಪಶ್ಚಿಮದಲ್ಲಿವೆ. ಓರೆಪದರದ ದಿಕ್ಕು ಬೇಕಾಗುವುದು ಇಲ್ಲಿ.

ನೇರವಾಗಿ ಬಂದದ್ದೋ, ಹಳೆಯ ಮರಳುಗಲ್ಲಿನ ಮೂಲಕ ಬಂದದ್ದೋ

ಕೊನೆಯ ಗಂಟು ಇದು. ಬಾದಾಮಿಯ ಮರಳು ಗ್ರಾನೈಟ್‌ನಿಂದ ನೇರ ಬಂತೋ, ಗ್ರಾನೈಟ್ ಮೊದಲು ಸವದತ್ತಿ ಕ್ವಾರ್ಟ್ಜೈಟ್ ಆಗಿ, ಅದು ಸವೆದು ಬಾದಾಮಿಗೆ ಬಂತೋ? ಜಿರ್ಕಾನ್ ವಯಸ್ಸು ಎರಡರಲ್ಲೂ ಒಂದೇ ಬರುವುದರಿಂದ ಅದು ಇಲ್ಲಿ ಮೂಕ. ಗಟ್ಟಿಗರ ಅನುಪಾತಗಳೂ ಹಾಗೆಯೇ, ಬದಲಾಗದೆ ದಾಟುತ್ತವೆ.

ಇದನ್ನು ಬಿಡಿಸುವುದು ಮೆತ್ತಗಿನವು. ಹೊಸ ಫೆಲ್ಡ್‌ಸ್ಪಾರ್, ಅಪಟೈಟ್ ಗಣನೀಯವಾಗಿ ಇದ್ದರೆ ಕನಿಷ್ಠ ಒಂದು ಪಾಲು ನೇರವಾಗಿ ಬಂದಿದೆ, ಎರಡು ಸಲ ಸವೆದು ಅವು ಬದುಕುವುದು ಅಪರೂಪ. ಥಿನ್ ಸೆಕ್ಷನ್‌ಗೆ ಮರಳಿ ಹೋಗಿ ಕ್ವಾರ್ಟ್ಜ್ ಕಣಗಳ ಅಂಚು ನೋಡಿ. ಕಣದ ಸುತ್ತ ಬೆಳೆದ ಸಿಲಿಕಾ ಪದರವೇ ಉಜ್ಜಿ ಉರುಟಾಗಿ, ಅದರ ಹೊರಗೆ ಮತ್ತೊಂದು ಸುತ್ತು ಸಿಲಿಕಾ ಬೆಳೆದಿದ್ದರೆ ಆ ಕಣ ಹಿಂದೊಮ್ಮೆ ಗಟ್ಟಿ ಮರಳುಗಲ್ಲಿನಲ್ಲಿ ಇತ್ತು. ಟೂರ್ಮಲಿನ್ ಸುತ್ತಲೂ ಹೀಗೆ ಉಜ್ಜಿದ ಬೆಳವಣಿಗೆ ಸಿಗುವುದುಂಟು. ಹೊಲದಲ್ಲಿ ಎಣಿಸಿದ 100 ಉರುಟುಕಲ್ಲುಗಳಲ್ಲಿ ಕ್ವಾರ್ಟ್ಜೈಟ್ ಎಷ್ಟಿತ್ತು ನೋಡಿ. ಉರುಟು ಜಿರ್ಕಾನ್ ಒಂದನ್ನೇ ಸಾಕ್ಷಿಯಾಗಿ ನಿಲ್ಲಿಸಬೇಡಿ, ಮೂಲದ ನೈಸ್‌ನಲ್ಲೇ ರೂಪಾಂತರದಿಂದ ಉರುಟಾದ ಜಿರ್ಕಾನ್ ಇರುತ್ತದೆ. ನೈಸ್ ತೊರೆಯಿಂದ ತಂದ ಮರಳಿನ ಸ್ಲೈಡನ್ನು ಪಕ್ಕದಲ್ಲಿಟ್ಟು ಅಲ್ಲಿ ಉರುಟಾದವು ಎಷ್ಟಿವೆ ಎಂದು ಎಣಿಸಿ, ಬಾದಾಮಿಯ ಎಣಿಕೆಯಿಂದ ಅದನ್ನು ಕಳೆದು ನೋಡಿದ ಮೇಲೆ ಉಳಿದದ್ದನ್ನಷ್ಟೇ ಹಳೆಯ ಮರಳುಗಲ್ಲಿನ ಲೆಕ್ಕಕ್ಕೆ ಬರೆಯಿರಿ.